ಅವರು ಮೀನು ಮುಟ್ಟುವುದಿಲ್ಲ

ನಮ್ಮ ಮನೆಯಲ್ಲಿ ಮೀನು ಹಿಡಿಯುವವಳು ನಾನು, ಅದನ್ನು ಶುಚಿ ಮಾಡುವವರು ನನ್ನ ಗಂಡ. ಹದಿನೇಳು ವರ್ಷ ಇದೇ ಏರ್ಪಾಡು. ಕೇಳಿದವರು ನಗುತ್ತಿದ್ದರು, ನಾವೂ ನಗುತ್ತಿದ್ದೆವು. ಈಗ ಬರೆಯಲು ಕೂತರೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಸಿಟ್ಟಿನಲ್ಲೇ ಬರೆಯುತ್ತೇನೆ. ತಣ್ಣಗಾಗಲಿ ಎಂದು ಕಾದರೆ ಕೊನೆಗೆ ಅವರ ಪರವಾಗಿಯೇ ಬರೆದುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ನಾನು ಕೆ.ಆರ್. ಪೇಟೆ ತಾಲ್ಲೂಕಿನ ಶೀಳನೆರೆ ಕಡೆಯವಳು. ಅಪ್ಪನಿಗೆ ಕೆರೆಯ ಕೆಳಗೆ ಗದ್ದೆಯಿತ್ತು, ಎರಡು ಹಸುಗಳಿದ್ದವು, ಬಿಡುವಾದಾಗ ಗಾಳ ಹಾಕುವ ಚಟವಿತ್ತು. ಮನೆಯಲ್ಲಿ ನಾವು ಮೂವರೂ ಹೆಣ್ಣುಮಕ್ಕಳು. ಅಕ್ಕಂದಿರಿಬ್ಬರಿಗೂ ಎರೆಹುಳ ಕಂಡರೆ ಅಸಹ್ಯ. ಹೀಗಾಗಿ ಕೆರೆಯ ಏರಿಯ ಮೇಲೆ ಅಪ್ಪನ ಪಕ್ಕ ಕೂರುವ ಭಾಗ್ಯ ಕಿರಿಯವಳಾದ ನನಗೆ ಬಂತು. ಹುಳವನ್ನು ಗಾಳಕ್ಕೆ ಪೋಣಿಸುವುದು, ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಅಲುಗಿದ ಕೂಡಲೇ ಆತುರಬಿದ್ದು ಎಳೆಯದೆ ಅದು ಪೂರ್ತಿ ಮುಳುಗುವ ತನಕ ಕಾಯುವುದು, ಜಿಲೇಬಿ ಮೀನಿನ ಬೆನ್ನಿನ ಮುಳ್ಳು ಅಂಗೈಗೆ ಚುಚ್ಚದ ಹಾಗೆ ತಲೆಯ ಕಡೆಯಿಂದ ಸವರಿ ಹಿಡಿಯುವುದು, ಇದನ್ನೆಲ್ಲ ಅಪ್ಪ ಕಲಿಸಿದ. ಕುಯ್ಯುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಅದು ಅವ್ವನ ಕೆಲಸ, ಅವ್ವ ನನ್ನನ್ನು ಹತ್ತಿರಕ್ಕೆ ಬಿಡುತ್ತಿರಲಿಲ್ಲ. "ನೀನ್ ಕುಯ್ದ್ರೆ ಅರ್ಧ ಮೀನು ತಿಪ್ಪೆಗೋಯ್ತದೆ, ಎದ್ದೋಗ್ ಅತ್ಲಾಗೆ" ಎನ್ನುತ್ತಿದ್ದಳು. ಟೀಚರಾಗಿ ಸಂಬಳ ಎಣಿಸುವ ವಯಸ್ಸಿಗೂ ನನಗೆ ಒಂದು ಮೀನನ್ನು ನೆಟ್ಟಗೆ ಕುಯ್ಯಲು ಬರುತ್ತಿರಲಿಲ್ಲ.

ನನ್ನ ಗಂಡ ಶ್ರೀರಂಗಪಟ್ಟಣದವರು. ಒಂದು ಚಿಕ್ಕ ದೇವಸ್ಥಾನದ ಪೂಜೆಯನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆತನ. ಅವರ ಅಣ್ಣ ಅರ್ಚಕರಾಗಿ ಉಳಿದರು, ಇವರು ಓದಿ ನಾಗಮಂಗಲದ ಒಂದು ಆಫೀಸಿನಲ್ಲಿ ಗುಮಾಸ್ತರಾದರು. ನಾನು ಆಗ ನಾಗಮಂಗಲದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿದ್ದೆ. ಪಾಂಡವಪುರದಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಇಬ್ಬರಿಗೂ ಪರಿಚಯವಾಯಿತು. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದೆವು. ನನ್ನಪ್ಪ ಒಂದು ವಾರ ಮಾತು ಬಿಟ್ಟು ಎಂಟನೇ ದಿನ ಅಳಿಯನನ್ನು ಕರೆದುಕೊಂಡು ಕೆರೆ ತೋರಿಸಲು ಹೋದ. ಅವರ ಮನೆಯ ಬಾಗಿಲು ತೆರೆಯಲು ಆರು ವರ್ಷ ಹಿಡಿಯಿತು. ತೆರೆದ ಮೇಲೂ ಅವರಿಗೆ ಒಳಮನೆ, ನನಗೆ ಹಜಾರ. ನಾನು ಅದನ್ನು ದೊಡ್ಡದು ಮಾಡಲಿಲ್ಲ. ಹಜಾರಕ್ಕೆ ಬಂದ ಕಾಫಿಯೂ ಅದೇ ಡಿಕಾಕ್ಷನ್ನಿನದೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಮದುವೆಯಾಗಿ ಪಾಂಡವಪುರದಲ್ಲಿ ಮನೆ ಮಾಡಿದಾಗ ಮನೆಯೊಳಗೆ ಮೀನು ತರುವುದು ಬೇಡ ಎಂದು ನಾನೇ ತೀರ್ಮಾನಿಸಿದ್ದೆ. ತವರಿಗೆ ಹೋದಾಗ ತಿಂದರಾಯಿತು. ಆದರೆ ಒಂದು ಭಾನುವಾರ ಅವರೇ ಕೇಳಿದರು, "ನಿಂಗೆ ಕೆರೆ ಕಡೆ ಹೋಗ್ಬೇಕು ಅನ್ಸಲ್ವೇನೇ?" ಅಂತ. ಅನ್ನಿಸುತ್ತಿತ್ತು. ಸ್ಕೂಟರಿನಲ್ಲಿ ಹೋದೆವು. ನಾಗಮಂಗಲದ ದಾರಿಯಲ್ಲಿ ಒಂದು ಕಡೆ ಒಳಕ್ಕೆ ತಿರುಗಿದರೆ ಕೆರೆಯೊಂದಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಗಾಳ ಹಿಡಿದವರೆಲ್ಲ ಅಲ್ಲಿರುತ್ತಾರೆ. ತೂಬಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂತು ನಾನು ಗಾಳ ಹಾಕಿದೆ, ಅವರು ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗೈ ಅಗಲದ ಎರಡು ಗೆಂಡೆ ಮೀನು ಸಿಕ್ಕವು.

ಮನೆಗೆ ತಂದು ಹಿತ್ತಲಿನಲ್ಲಿ ಈಳಿಗೆಮಣೆ ಹಾಕಿಕೊಂಡು ಕೂತೆ. ಮೀನಿನ ಮೈಮೇಲಿನ ಹುರುಪೆ ಅರ್ಧ ಬಂತು, ಅರ್ಧ ಬರಲಿಲ್ಲ. ಮೀನು ಎರಡು ಸಲ ಕೈಜಾರಿ ಮಣ್ಣಿಗೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರಿಗೆ ಸಂಕಟವಾಗತೊಡಗಿತು. ಮೀನಿಗಾಗಿ ಅಲ್ಲ, ಈಳಿಗೆಮಣೆಯ ಮೇಲೆ ನಾನು ಕೂತ ರೀತಿಗೆ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ದೇವರ ನೈವೇದ್ಯಕ್ಕೆ ತರಕಾರಿ ಹೆಚ್ಚಿದ ಕೈ ಅದು. ಹುರುಳಿಕಾಯಿಯನ್ನು ಅವರು ಹೆಚ್ಚಿದರೆ ಚೂರುಗಳೆಲ್ಲ ಒಂದೇ ಅಳತೆ. "ಏಳು, ಏಳು. ನೋಡಕ್ಕಾಗ್ತಿಲ್ಲ" ಎಂದು ನನ್ನನ್ನು ಎಬ್ಬಿಸಿ ತಾವು ಕೂತರು. ಬಲಗಾಲನ್ನು ಮಣೆಯ ಮೇಲೆ ಊರಿ, ಮೂಗಿಗೆ ಟವೆಲ್ ಕಟ್ಟಿಕೊಂಡು, ನನಗಿಂತ ಚೆನ್ನಾಗಿಯೇ ಕುಯ್ದರು.

ಅಲ್ಲಿಂದ ಶುರುವಾಯಿತು. ಮುಂದಿನ ಸಲ ನನ್ನ ತವರಿಗೆ ಹೋದಾಗ ಅವ್ವನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಪಾಠ ಹೇಳಿಸಿಕೊಂಡರು. ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಕೆರೆಯಬೇಕು. ಕಿವಿರನ್ನು ಬೆರಳು ಹಾಕಿ ಒಂದೇ ಸಲಕ್ಕೆ ಕಿತ್ತು ತೆಗೆಯಬೇಕು. ಒಲೆಯ ಬೂದಿ, ಕಲ್ಲುಪ್ಪು ಹಾಕಿ ಕಲ್ಲಿನ ಮೇಲೆ ತಿಕ್ಕಿದರೆ ಲೋಳೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಪಿತ್ತ. ಹೊಟ್ಟೆಯೊಳಗೆ ಕಡುಹಸಿರಿನ ಪುಟ್ಟ ಚೀಲವೊಂದು ಇರುತ್ತದೆ, ಅದು ಒಡೆದರೆ ತಾಗಿದ ಮಾಂಸವೆಲ್ಲ ಕಹಿ. ಅದಕ್ಕೇ ಈಳಿಗೆಯ ಅಲಗಿನ ತುದಿ ಮಾತ್ರ ತಾಗುವ ಹಾಗೆ ಬಾಲದ ಕಡೆಯಿಂದ ಸೀಳಿಕೊಂಡು ಬರಬೇಕು. ನಮ್ಮ ಹದಿನೇಳು ವರ್ಷದಲ್ಲಿ ಅವರ ಕೈಯಲ್ಲಿ ಪಿತ್ತ ಒಡೆದದ್ದು ನಾನು ಕಾಣೆ. ಅವ್ವ ಒಂದು ಸಲ ಬೆರಗಾಗಿ, "ನಿನ್ ಗಂಡ ಮೀನ್ ಕುಯ್ಯೋದ್ ನೋಡುದ್ರೆ ದ್ಯಾವ್ರಿಗೆ ಊವ ಕಟ್ತಾವ್ರೆ ಅನ್ಬೇಕು ಕಣ್ ಮಗ" ಎಂದಳು. ಅವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಆಫೀಸಿನವರಿಗೆಲ್ಲ ಹೇಳಿಕೊಂಡು ಬಂದರು.

ಮೊದಲ ವರ್ಷ ಶುಚಿ ಮಾಡಿಕೊಡುತ್ತಿದ್ದರೇ ಹೊರತು ತಿನ್ನುತ್ತಿರಲಿಲ್ಲ. ಒಂದು ದಿನ, "ಇಷ್ಟು ಕಷ್ಟಪಟ್ಟಿದೀನಿ, ಹೆಂಗಿದೆ ಅಂತಾದ್ರೂ ನೋಡ್ಬೇಡ್ವಾ?" ಎಂದು ನನ್ನ ತಟ್ಟೆಯಿಂದಲೇ ಮುದ್ದೆಯ ಚೂರು ಮುರಿದು ಸಾರಿಗೆ ಅದ್ದಿ ನುಂಗಿದರು. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ಆಮೇಲೆ ಇನ್ನೊಂದು ಚೂರು ಮುರಿದರು. ಆರು ತಿಂಗಳಾಗುವಷ್ಟರಲ್ಲಿ ಮೀನಿನ ತಲೆ ಯಾರಿಗೆಂದು ನಮ್ಮಿಬ್ಬರಿಗೂ ಜಗಳ. ನಾನಾಗಿ ಒಂದು ದಿನವೂ ತಿನ್ನಿ ಎಂದವಳಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಆದರೆ ಒಳಗೊಳಗೆ ಗೆದ್ದೆ ಎಂದುಕೊಂಡದ್ದು ನಿಜ, ಅಕ್ಕಂದಿರ ಮುಂದೆ ಜಂಬ ಕೊಚ್ಚಿಕೊಂಡದ್ದೂ ನಿಜ. ಅದರ ಪಾಪ ಏನಿದ್ದರೂ ನನ್ನದು.

ನಮಗೆ ಮಕ್ಕಳಾಗಲಿಲ್ಲ. ಒಂದಷ್ಟು ವರ್ಷ ಡಾಕ್ಟರುಗಳ ಬಳಿ ಅಲೆದೆವು, ಆಮೇಲೆ ಬಿಟ್ಟೆವು. ಬೇರೆಯವರು ಮಕ್ಕಳ ಟ್ಯೂಷನ್ನು, ಮಕ್ಕಳ ಹುಟ್ಟುಹಬ್ಬ ಎಂದು ಓಡಾಡುವಾಗ ನಾವು ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಕೆರೆಗೆ ಹೋಗುತ್ತಿದ್ದೆವು. ಅವರಿಗೆ ಗಾಳ ಹಾಕುವ ತಾಳ್ಮೆ ಬರಲಿಲ್ಲ. ಪಕ್ಕದಲ್ಲಿ ಕೂತು ಬೆಂಡನ್ನೇ ನೋಡುತ್ತ, "ಈಗ ಎಳಿ, ಈಗ ಎಳಿ" ಎಂದು ಪ್ರಾಣ ತಿನ್ನುತ್ತಿದ್ದರು. ಮೀನು ಬಿದ್ದರೆ ಎದ್ದು ನಿಂತುಬಿಡುತ್ತಿದ್ದರು. ಆ ಕಲ್ಲಿನ ಮೇಲೆ ನಾವು ಆಡದ ಮಾತಿಲ್ಲ. ಅಪ್ಪ ಸತ್ತ ಮೇಲೆ ಮೊದಲ ಸಲ ಗಾಳ ಹಿಡಿದಾಗ ಹುಳ ಪೋಣಿಸಿ ಕೊಟ್ಟವರು ಅವರೇ. ನನ್ನ ಸಂಸಾರ ಎಂದರೆ ನನ್ನ ಪಾಲಿಗೆ ಆ ಭಾನುವಾರಗಳೇ ಆಗಿದ್ದವು.

ಹೋದ ವರ್ಷ ಅವರ ಅಣ್ಣನಿಗೆ ಮಂಡಿ ಆಪರೇಷನ್ ಆಯಿತು. ನೋಡಿಕೊಂಡು ಬರಲು ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಎಂದಿನಂತೆ ಅವರು ಒಳಕ್ಕೆ ಹೋದರು, ನಾನು ಹಜಾರದಲ್ಲಿ ಕೂತೆ. ನನ್ನ ಜೊತೆಗೆ ಅವರ ಸೋದರತ್ತೆ ಕೂತರು. ಪಾಲಹಳ್ಳಿಯ ಹೆಂಗಸು, ಎಂಬತ್ತಕ್ಕೆ ಹತ್ತಿರ, ಆ ಮನೆಯಲ್ಲಿ ನನ್ನೊಡನೆ ಎರಡು ಮಾತು ಪ್ರೀತಿಯಿಂದ ಆಡುತ್ತಿದ್ದವರು ಅವರೊಬ್ಬರೇ. ನಡುವೆ ಒಂದು ಪರದೆ ಅಷ್ಟೇ, ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಗರ್ಭಗುಡಿಯೊಳಗೆ ಸ್ಟೂಲ್ ಹಾಕ್ಕೊಂಡಾದ್ರೂ ನಾನು ಮಾಡ್ತೀನಿ. ಶನಿವಾರ ಭಾನುವಾರ ಜನ ಜಾಸ್ತಿ. ಮಡಿನೀರು ತರ್ಬೇಕು, ನೈವೇದ್ಯದ ಅಡಿಗೆ ಆಗ್ಬೇಕು. ಆ ಎರಡು ದಿನ ನೀನು ಬಂದು ನಿಂತ್ಕೋ" ಎಂದು ಅಣ್ಣ ಹೇಳುತ್ತಿದ್ದರು. "ನಿನ್ನ ಮದುವೆ ವಿಷಯ ಹಳೇದಾಯ್ತು, ಈಗ ಯಾರೂ ಎತ್ತಲ್ಲ. ಆದ್ರೆ ಒಂದು ಮಾತು ಕೇಳ್ಲೇಬೇಕು, ತಪ್ಪು ತಿಳ್ಕೋಬೇಡ. ಅಲ್ಲಿ ನೀನು ಆ ಪದಾರ್ಥ ಏನಾದ್ರೂ...?"

"ಛೆ ಛೆ, ಏನಣ್ಣ ನೀನು!" ನನ್ನ ಗಂಡನ ದನಿ. "ತಿನ್ನೋದಿರ್ಲಿ, ನಾನು ಮುಟ್ಟೋದೂ ಇಲ್ಲ. ಅವಳು ತಿಂತಾಳೆ, ಅದು ಅವಳ ಪಾಡು. ಅವಳ ಪಾತ್ರೆ ಬೇರೆ, ಒಲೆ ಬೇರೆ."

ನಮ್ಮ ಮನೆಯಲ್ಲಿ ಇರುವುದು ಎರಡು ಬರ್ನರಿನ ಒಂದೇ ಗ್ಯಾಸ್ ಒಲೆ. ನಾನು ಸೋದರತ್ತೆಯ ಮುಖ ನೋಡಿದೆ. ಅವರು ನನ್ನ ಕೈಮೇಲೆ ಕೈಯಿಟ್ಟು ಮೆಲ್ಲಗೆ, "ನಿನ್ನ ಗಂಡ ಬಂಗಾರ ಕಣಮ್ಮಾ" ಎಂದರು. "ಭಾನುವಾರ ಬಂದ್ರೆ ನಿನ್ನ ಆಸೆಗೆ ಅಂತ ಕೆರೆಗೆ ಕರ್ಕೊಂಡು ಹೋಗಿ, ತಾನು ದೂರ ಒಂದು ಮರದ ಕೆಳಗೆ ಕೂತು ಜಪ ಮಾಡ್ಕೋತಾನಂತೆ. ನೀನು ಮನೇಲಿ ಅದನ್ನೆಲ್ಲ ಕತ್ತರಿಸೋವಾಗ ವಾಸನೆ ತಡೀಲಾರದೆ ಆಚೆ ಹೋಗಿ ತಿರುಗಾಡ್ಕೊಂಡು ಬರ್ತಾನಂತೆ. ಬೇರೆ ಯಾರಾದ್ರೂ ಆಗಿದ್ರೆ ಸಹಿಸ್ತಿದ್ರಾ ಹೇಳು. ಪಾಪ, ಬಂದಾಗೆಲ್ಲ ಹೇಳ್ಕೊಂಡು ನಗ್ತಾನೆ."

ಬಂದಾಗೆಲ್ಲ. ಅಂದರೆ ಒಂದು ದಿನದ ಸುಳ್ಳಲ್ಲ. ಹತ್ತಾರು ವರ್ಷ, ಒಂದೊಂದು ಭೇಟಿಗೆ ಒಂದಿಷ್ಟು ಸೇರಿಸಿ, ಬಣ್ಣ ಕಟ್ಟಿ ಬೆಳೆಸಿಕೊಂಡು ಬಂದ ಕತೆ. ಅದರಲ್ಲಿ ಮರ ಯಾವುದು, ಜಪ ಎಷ್ಟು ಹೊತ್ತು ಎಂಬುದೂ ಇತ್ತೋ ಏನೋ. ನಾನು ಹಜಾರದಲ್ಲಿ ಕೂತು ಕಾಫಿ ಕುಡಿಯುತ್ತ ಈ ಮನೆಯವರು ನಿಧಾನವಾಗಿ ನನ್ನನ್ನು ಒಪ್ಪಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದ ವರ್ಷಗಳಲ್ಲೆಲ್ಲ, ಪರದೆಯ ಆ ಕಡೆ ನನ್ನ ಗಂಡ ನನ್ನನ್ನು ಸಹಿಸಿಕೊಳ್ಳುತ್ತಿರುವ ಕತೆ ನಡೆಯುತ್ತಿತ್ತು. ಸೋದರತ್ತೆಯ ಪ್ರೀತಿಯೂ ನನ್ನ ಮೇಲಿನದಲ್ಲ, ಅವರ ಸಹನೆಯ ಮೇಲಿನದು. ಲೋಟ ಕೆಳಗಿಟ್ಟೆ.

ವಾಪಸು ಬರುವಾಗ ಕಬ್ಬು ತುಂಬಿದ ಟ್ರಾಕ್ಟರುಗಳು ಸಾಲಾಗಿ ನಿಂತು ದಾರಿ ಕಟ್ಟಿದ್ದವು. ಸ್ಕೂಟರು ನಿಂತಿತು, ನಾನು ಹಿಂದಿನ ಸೀಟಿನಿಂದ ಇಳಿದೆ.

"ಯಾವ ಮರ?" ಎಂದೆ.

ಅವರಿಗೆ ತಕ್ಷಣ ಅರ್ಥವಾಯಿತು. ಮುಖ ಸಣ್ಣದಾಯಿತು. "ಅತ್ತೆ ಹೇಳಿದ್ರಾ? ಏನೋ ಮಾತಿಗೆ ಹೇಳಿದ್ದು ಕಣೇ. ಅವ್ರಿಗೂ ಸಮಾಧಾನ, ನಮ್ಗೂ ನೆಮ್ಮದಿ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು, ಅಷ್ಟೇ."

"ಹಾವು ಯಾರು? ನಾನಾ?"

ಕಬ್ಬಿನ ಗಾಡಿಯ ಡ್ರೈವರೊಬ್ಬ ನಮ್ಮನ್ನೇ ನೋಡುತ್ತಿದ್ದ. ನೋಡಲಿ ಎನಿಸಿತು. ನಾನು ಹೇಳಿದೆ, ತಿನ್ನೋದಿಲ್ಲ ಅಂದಿದ್ದಕ್ಕೆ ನನಗೆ ಸಿಟ್ಟಿಲ್ಲ, ನಿಮ್ಮ ಮನೆಯ ಪದ್ಧತಿ ನನಗೂ ಗೊತ್ತು. ದೇವಸ್ಥಾನಕ್ಕೆ ಹೋಗಿ, ಹೋಗುವ ಮುಂಚೆ ನಿಜವಾಗಿ ಬಿಡಿ, ನಾನೂ ಮನೆಗೆ ತರುವುದನ್ನು ನಿಲ್ಲಿಸುತ್ತೇನೆ. ಭಾನುವಾರಗಳನ್ನೂ ಬಿಟ್ಟುಕೊಡುತ್ತೇನೆ. ಆದರೆ ಕಳೆದುಹೋದ ಭಾನುವಾರಗಳಿಂದ ನೀವು ಎದ್ದು ಹೋಗಿ ಮರದ ಕೆಳಗೆ ಕೂರಬೇಡಿ. "ನಾನೂ ಅವಳ ಪಕ್ಕದಲ್ಲೇ ಕೂತಿರ್ತಿದ್ದೆ, ಇಷ್ಟಪಟ್ಟೇ ಕೂತಿರ್ತಿದ್ದೆ ಅಂತ ಒಂದು ಸಲ ನಿಮ್ಮಣ್ಣನ ಮುಂದೆ ಹೇಳಿ. ನಂಗೆ ಬೇರೇನೂ ಬೇಡ."

"ಹೇಳ್ತೀನಿ. ಸ್ವಲ್ಪ ಹೊತ್ತು ಗೊತ್ತು ನೋಡಿ ಹೇಳ್ತೀನಿ. ನಿನ್ನಾಣೆ."

ನಂಬಿದೆ. ಮೂರ್ಖಳ ಹಾಗೆ ನಂಬಿದೆ ಎನ್ನಬಹುದು, ಆದರೆ ಅವರ ಕಣ್ಣಲ್ಲಿ ನೀರಿತ್ತು. ಗಂಡನ ಕಣ್ಣೀರನ್ನು ನಂಬದಿರಲು ನನಗೆ ಅಭ್ಯಾಸವಿರಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಎಂದಿನಂತೆ ಕೆರೆಗೆ ಹೋದೆವು. ಅವರು ಎಂದಿಗಿಂತ ಹೆಚ್ಚು ಉಪಚಾರ ಮಾಡುತ್ತಿದ್ದರು, ಬುತ್ತಿಯನ್ನು ತಾವೇ ಕಟ್ಟುತ್ತಿದ್ದರು. ಅಣ್ಣನಿಗೆ ಹೇಳಿದಿರಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕನೇ ಭಾನುವಾರ ನನ್ನ ಗಾಳಕ್ಕೆ ಎರಡು ಕೇಜಿ ಮೀರಿದ ಕಾಟ್ಲಾ ಮೀನು ಬಿತ್ತು. ದಾರ ಕಿತ್ತುಕೊಂಡು ಹೋಗುತ್ತದೇನೋ ಎಂದು ಇಬ್ಬರೂ ಸೇರಿ ಎಳೆದೆವು. ಅಷ್ಟು ದೊಡ್ಡದು ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ಖುಷಿಯಲ್ಲಿ ನಾನು ಎಲ್ಲ ಮರೆತಿದ್ದೆ.

ಮನೆಗೆ ಬಂದವರೇ ಲುಂಗಿ ಕಟ್ಟಿ ಹಿತ್ತಲಲ್ಲಿ ಈಳಿಗೆಮಣೆ ಹಾಕಿಕೊಂಡರು. ನಾನು ಬಾವಿಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ನೆನೆಹಾಕುತ್ತಿದ್ದೆ. ಹುರುಪೆ ಕೆರೆದು ಮುಗಿಸಿ, ಕಿವಿರು ತೆಗೆದು, ಇನ್ನೇನು ಹೊಟ್ಟೆ ಸೀಳಬೇಕು ಅನ್ನುವಾಗ ಮನೆಯ ಮುಂದೆ ಆಟೋ ನಿಂತ ಸದ್ದಾಯಿತು. "ಯಾರಿದೀರಪ್ಪಾ ಮನೇಲಿ?" ಎಂದು ಸೋದರತ್ತೆಯ ದನಿ ಕೇಳಿಸಿತು. ಹಿಂದೆಯೇ ಅಣ್ಣನ ಕೆಮ್ಮು.

ಆ ಕ್ಷಣದಲ್ಲಿ ನಾನು ನನ್ನ ಗಂಡನನ್ನೇ ನೋಡುತ್ತಿದ್ದೆ. ಹೊತ್ತು ಗೊತ್ತು ನೋಡಿ ಹೇಳುತ್ತೇನೆ ಎಂದಿದ್ದರಲ್ಲ, ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿರಲಿಲ್ಲ. ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ, ಕೂತಲ್ಲೇ ಕೂತಿದ್ದರೆ ಸಾಕಿತ್ತು. ಅವರು ಎದ್ದರು. ಬಂದು ನನ್ನ ತೋಳು ಹಿಡಿದು ಎಬ್ಬಿಸಿ, ಈಳಿಗೆಮಣೆಯ ಮೇಲೆ ಕೂರಿಸಿ, ಮೀನನ್ನು ನನ್ನ ಕೈಗೆ ಕೊಟ್ಟರು. "ಐದು ನಿಮಿಷ ಕಣೇ, ಪ್ಲೀಸ್" ಎಂದರು. ನಲ್ಲಿಯ ಕೆಳಗೆ ಕೈಯೊಡ್ಡಿ ಸೋಪು ಹಾಕಿ ಮೊಣಕೈ ತನಕ ತೊಳೆದುಕೊಂಡು, ಬೇರೆ ಪಂಚೆ ಸುತ್ತಿಕೊಂಡು ಬಾಗಿಲು ತೆಗೆಯಲು ಓಡಿದರು. ಮಣೆಯ ಮೇಲೆ ಅವರ ಮೈಯ ಬಿಸಿ ಇನ್ನೂ ಇತ್ತು.

ನಾನು ಎದ್ದುಬಿಡಬಹುದಿತ್ತು. ಯಾಕೆ ಏಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೈಯಲ್ಲಿ ಅಷ್ಟು ದೊಡ್ಡ ಮೀನಿತ್ತು, ಎಲ್ಲಿಡಬೇಕೆಂದು ತೋಚಲಿಲ್ಲ.

ಅಣ್ಣನಿಗೆ ಹೊರಗಿನಿಂದ ಬಂದು ಕಾಲು ತೊಳೆಯದೆ ಕೂರುವ ಅಭ್ಯಾಸವಿಲ್ಲ. ನಲ್ಲಿ ಇರುವುದು ಹಿತ್ತಲಲ್ಲಿ. ಕೋಲೂರಿಕೊಂಡು ಬಂದವರು ನನ್ನನ್ನು ಕಂಡು ಬಾಗಿಲ ಬಳಿಯೇ ನಿಂತರು. ಸೋದರತ್ತೆ ಅವರ ಹಿಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತರು. ನನ್ನ ಗಂಡ ಪಕ್ಕದಲ್ಲಿ, ಹೆಗಲಿಗೆ ಶುಭ್ರವಾದ ಟವೆಲ್. "ನೋಡಣ್ಣ, ಇವಳದ್ದು ಇದೇ ಭಾನುವಾರದ ಪೂಜೆ" ಎಂದು ನಕ್ಕರು.

ನನಗೆ ಕಣ್ಣು ಮಂಜಾಯಿತು. ಮೂವರೂ ನೋಡುತ್ತಿದ್ದರು, ಸುಮ್ಮನೆ ಕೂರುವ ಹಾಗಿಲ್ಲ. ಮೀನನ್ನು ಅಲಗಿಗೆ ಕೊಟ್ಟು ಒತ್ತಿದೆ. ತಲೆಯ ಕಡೆಯಿಂದ ಕೊಟ್ಟೆ, ಆಳವಾಗಿ ಕೊಟ್ಟೆ. ಹಸಿರು ನೀರು ಮೀನಿನ ಹೊಟ್ಟೆಯೊಳಗೆಲ್ಲ ಹರಡಿತು.

"ಅಯ್ಯಯ್ಯೋ, ಪಿತ್ತ ಒಡೀತಲ್ಲೇ!" ನನ್ನ ಗಂಡ ಎರಡು ಹೆಜ್ಜೆ ಮುಂದೆ ಬಂದಿದ್ದರು. "ಎಷ್ಟು ಸಲ ಹೇಳಿದೀನಿ, ಬಾಲದ ಕಡೆಯಿಂದ ಬರ್ಬೇಕು, ತುದಿ ಮಾತ್ರ ತಾಗಿಸ್ಬೇಕು ಅಂತ! ಹಾಳು ಮಾಡ್ಬಿಟ್ಯಲ್ಲ ಅಂಥಾ ಮೀನ್ನ! ಕೊಡಿಲ್ಲಿ, ಬೇಗ ಉಪ್ಪು ಹಾಕ್ಬೇಕು..." ಬಗ್ಗಿ ಕೈ ಚಾಚಿದವರು ಹಾಗೆಯೇ ನಿಂತರು.

ಬೇಕೆಂದೇ ಒಡೆದೆನೇ ಎಂದು ಎಷ್ಟೋ ಸಲ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇಲ್ಲ. ನನಗೆ ಕುಯ್ಯಲು ಬರುವುದಿಲ್ಲ, ಅಷ್ಟೇ. ಆದರೆ ಒಡೆದದ್ದಕ್ಕೆ ಆ ಗಳಿಗೆಯಲ್ಲಿ ನನಗೆ ಆದ ಸಂತೋಷ ಸಣ್ಣದಲ್ಲ. ಕೇಳಿದರೆ ಬಾರದ ಸತ್ಯ ಬಾಯಿತಪ್ಪಿ ಬಂತಲ್ಲ, ಇನ್ನು ಬಚ್ಚಿಡುವುದೇನೂ ಉಳಿಯಲಿಲ್ಲ, ಇನ್ನು ಆ ಸುಳ್ಳಿನ ಮರದ ಕೆಳಗಿನಿಂದ ಎದ್ದು ನನ್ನ ಕಡೆಗೆ ಬರಲೇಬೇಕು ಎಂದುಕೊಂಡೆ.

ಅಣ್ಣ ತಮ್ಮನ ಮುಖ ನೋಡಿದರು. ದಡ್ಡರಲ್ಲ ಅವರು, ಎಲ್ಲ ತಿಳಿಯಿತು. ಆಮೇಲೆ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, "ನಾನೇನೂ ಕೇಳಿಸ್ಕೊಂಡಿಲ್ಲ" ಎಂದರು. ಹಿಂದಕ್ಕೆ ತಿರುಗಿ, "ಅತ್ತೆ, ನಿಂಗೇನಾದ್ರೂ ಕೇಳಿಸ್ತಾ?"

"ನಂಗೆ ಕಿವಿ ಮೊದಲಿನ ಹಾಗಿಲ್ಲವಪ್ಪ" ಎಂದರು ಸೋದರತ್ತೆ. ಪಕ್ಕದ ಮನೆಯಲ್ಲಿ ಸೂಜಿ ಬಿದ್ದರೂ ಕೇಳಿಸಿಕೊಳ್ಳುವ ಹೆಂಗಸು.

"ನಂಗೆ ಕೇಳಿಸ್ತು ಭಾವ" ಎಂದೆ ನಾನು. ಎದ್ದು ನಿಂತಿದ್ದೆ, ಕೈಯಿಂದ ಹಸಿರು ಸೋರುತ್ತಿತ್ತು. "ಹದಿನೇಳು ವರ್ಷದಿಂದ ಇವರೇ..."

"ನೀನು ಸುಮ್ನಿರ್ತೀಯಾ?" ಎಂದರು ನನ್ನ ಗಂಡ. ಅಷ್ಟು ಗಟ್ಟಿಯಾಗಿ ಅವರು ನನ್ನ ಮೇಲೆ ಕೂಗಿದ್ದು ಅದೇ ಮೊದಲು.

ಅಣ್ಣನವರು ಸಮಾಧಾನದ ದನಿಯಲ್ಲಿ, "ಇರ್ಲಿ ಬಿಡಮ್ಮ, ನಿಮ್ಮ ಪದ್ಧತಿ ನಿಮಗೆ, ನಾವು ತಪ್ಪು ಅನ್ನಲ್ಲ" ಎಂದರು. ಕಾಲು ತೊಳೆಯದೆಯೇ ಹೊರಟರು. ದೇವಸ್ಥಾನದ ಕೆಲಸ ಶುರುಮಾಡಲು ಒಳ್ಳೆಯ ದಿನ ನೋಡಿಸಬೇಕು, ನೀನೂ ಬಾ ಎಂದು ತಮ್ಮನನ್ನು ಕರೆದರು. ಇವರು ಅಂಗಿ ತೊಟ್ಟುಕೊಂಡು ಅದೇ ಆಟೋದಲ್ಲಿ ಕೂತು ಹೋದರು. ಮೂವರಿಗೂ ಗೊತ್ತಿತ್ತು, ಮೂವರೂ ಒಂದು ಮಾತಿಗೆ ಬಂದಿದ್ದರು. ಆ ಒಪ್ಪಂದಕ್ಕೆ ಮೈಲಿಗೆಯವಳು ಒಬ್ಬಳು ಬೇಕಿತ್ತು, ಅವಳು ಹಿತ್ತಲಲ್ಲಿ ನಿಂತಿದ್ದಳು.

ಕಹಿ ತಾಗಿದ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಉಪ್ಪು ಹಚ್ಚಿ ಹತ್ತು ನೀರಿನಲ್ಲಿ ತೊಳೆದು ಸಾರು ಮಾಡಿದೆ. ಸಂಜೆ ಅವರು ಬಂದರು. ಮುಂದಿನ ಶನಿವಾರದಿಂದ ಶುರು ಎಂದು ಹೇಳಿದರು. ಕೈಕಾಲು ತೊಳೆದು ತಟ್ಟೆ ಹಾಕಿಕೊಂಡು ಕೂತು, ಏನೂ ನಡೆದೇ ಇಲ್ಲ ಎನ್ನುವ ಹಾಗೆ, "ಘಮ್ ಅಂತಿದೆ ಕಣೇ. ಇವತ್ತೊಂದು ದಿನ ಚೆನ್ನಾಗಿ ಬಡಿಸು, ಇನ್ನು ಬಿಡ್ಲೇಬೇಕಲ್ಲ" ಎಂದರು.

ನಾನು ಅವರ ತಟ್ಟೆಗೆ ಮೊಸರನ್ನ ಬಡಿಸಿದೆ. ನೋಡಿದರು. ನಗಲು ಹೋದರು, ನನ್ನ ಮುಖ ಕಂಡು ನಿಲ್ಲಿಸಿದರು. ತಲೆ ತಗ್ಗಿಸಿ ಅದನ್ನೇ ತಿಂದು ಎದ್ದರು. ಅವರ ಎದುರಿಗೇ ಕೂತು ನಾನು ಮೀನು ತಿಂದೆ. ಹಟಕ್ಕೆ ತಿಂದೆ. ನಾಲ್ಕು ತುತ್ತಾದ ಮೇಲೆ ತಟ್ಟೆ ಎತ್ತಿಟ್ಟೆ.

ಇದೆಲ್ಲ ಆಗಿ ವರ್ಷ ಕಳೆಯಿತು. ಶನಿವಾರ ಭಾನುವಾರ ಅವರು ಶ್ರೀರಂಗಪಟ್ಟಣದಲ್ಲಿರುತ್ತಾರೆ. ನಾವು ಜಗಳವಾಡುವುದಿಲ್ಲ, ಬೇರೆ ಮನೆ ಮಾಡಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುತ್ತೇವೆ. ನಾನು ಆ ಮಾತು ಮತ್ತೆ ಎತ್ತಿಲ್ಲ. ಅವರು ಹೇಳಿಲ್ಲ, ಹೇಳುವುದೂ ಇಲ್ಲ.

ಕೆರೆಗೆ ಬಹಳ ತಿಂಗಳು ಹೋಗಿರಲಿಲ್ಲ. ಹೋದ ತಿಂಗಳು ಒಂದು ಭಾನುವಾರ ಮನೆಯಲ್ಲಿ ಇರಲಾರದೆ ಬಸ್ಸು ಹತ್ತಿ, ಕ್ರಾಸಿನಲ್ಲಿಳಿದು ನಡೆದುಕೊಂಡು ಹೋದೆ. ಗಾಳ ಹಾಕಿ ಕೂತಿದ್ದಾಗ ಕೆರೆಯ ಮೀನಿನ ಗುತ್ತಿಗೆ ಹಿಡಿದವರ ಕಾವಲಿನ ಮುದುಕ ಬಂದ. ಮೊದಲಿನಿಂದ ನಮ್ಮನ್ನು ನೋಡುತ್ತಿದ್ದವನು, ಮನೆಮಟ್ಟಿಗೆ ಒಂದೆರಡು ಹಿಡಿದರೆ ಕಂಡೂ ಕಾಣದ ಹಾಗೆ ಹೋಗುತ್ತಿದ್ದವನು.

"ಏನ್ ಮೇಡಮ್ನೋರೆ, ಒಬ್ರೇ ಬಂದಿದೀರಿ? ಯಜಮಾನ್ರು ಬರ್ನಿಲ್ವಾ?"

"ಅವರು ಮೀನು ಮುಟ್ಟಲ್ಲ ಕಣಪ್ಪ" ಎಂದೆ. ಯಾಕೆ ಹಾಗೆ ಅಂದೆನೋ. ಅವರಿಗಾಗಿ ಅಂದೆನೋ, ಅವರ ಮೇಲಿನ ಸಿಟ್ಟಿಗೆ ಅಂದೆನೋ.

ಮುದುಕ ನಕ್ಕುಬಿಟ್ಟ. "ಯಾರ್ಗೇಳ್ತೀರಿ, ಸುಮ್ಕಿರಿ. ನಂಗೇನ್ ಕಣ್ ಕಾಣಾಕಿಲ್ವಾ? ಇದೇ ಕಲ್ ಮ್ಯಾಲೆ, ನಿಮ್ ಪಕ್ದಲ್ಲೇ ಕೂತಿರೋರು. ಮೀನ್ ಬಿದ್ರೆ ನಿಮ್ಗಿಂತ ಅವ್ರೇ ಜಾಸ್ತಿ ಕುಣ್ಯೋರು."

ಅಷ್ಟು ಹೇಳಿ ಅವನು ಏರಿ ಹತ್ತಿ ಹೊರಟುಹೋದ. ಬೆಂಡು ಮುಳುಗಿದ್ದು ನನಗೆ ಗೊತ್ತಾಗಲಿಲ್ಲ. ಆ ಒಂದು ಮಾತನ್ನೇ ಹೇಳಿ ಎಂದು ನಾನು ಗಂಡನನ್ನು ಬೇಡಿದ್ದೆ, ನಾನು ಕೇಳದೆಯೇ ಕಾವಲಿನವನು ಹೇಳಿದ. ಬಿಸಿಲೇರುವ ತನಕ ಅಲ್ಲೇ ಕೂತು ಅಳುತ್ತಿದ್ದೆ.